ಸೀಲ್ ಇಂಜಿನ್, ಸಿಂಗಲ್ ಹ್ಯಾಂಡ್

ವಿಜಯನಗರ ಜಿಲ್ಲೆಯ ಕೂಡ್ಲಿಗಿ ಕಡೆ ಮಸಾರಿ ಹೊಲಕ್ಕೆ ಹದ ಬಂದ ದಿನ ಬಾಡಿಗೆ ಟ್ರ್ಯಾಕ್ಟರ್ ಇಟ್ಟವನ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ. ಅಪ್ಪಿತಪ್ಪಿ ಎತ್ತಿದರೆ ಬರುವ ಮಾತು ಒಂದೇ: "ಹೊಂಟೀನಿ, ದಾರ್ಯಾಗ ಅದೀನಿ." ಮಾತಿನ ಹಿಂದೆ ಕೇಳಿಸುವ ಸದ್ದು ಮಾತ್ರ ಇನ್ಯಾರದೋ ಹೊಲದಲ್ಲಿ ಕಲ್ಟಿವೇಟರ್ ಎಳೆಯುತ್ತಿರುವ ಇಂಜಿನ್ನಿನದು. ಅವನನ್ನು ಬೈದೂ ಪ್ರಯೋಜನವಿಲ್ಲ. ಮುಂಗಾರಿನ ಮೊದಲ ಒಳ್ಳೆಯ ಮಳೆಗೆ ಊರಿಗೆ ಊರೇ ಒಂದೇ ದಿನ ಹರಗಬೇಕು, ಒಂದೇ ದಿನ ಬಿತ್ತಬೇಕು. ಇನ್ನೆರಡು ದಿನ ಬಿಸಿಲು ಕಾಯಿತೋ, ನೆಲ ಬಿಗಿದು ಶೇಂಗಾ ಬೀಜ ಚೀಲದಲ್ಲೇ ಉಳಿಯುತ್ತದೆ. ಐದೆಕರೆಯ ಯಜಮಾನನ ತಲೆಯೊಳಗೆ "ನಮ್ದಾ ಒಂದು ಗಾಡಿ ಇದ್ದಿದ್ರ" ಎಂಬ ಹುಳ ಹೊಗುವುದು ಇಂಥ ಹೊತ್ತಿನಲ್ಲೇ.

ಹುಳ ಹೊಕ್ಕ ಮೇಲೆ ಲೆಕ್ಕ ನಡೆಯುವುದಿಲ್ಲ. ಟ್ರ್ಯಾಕ್ಟರ್ ವರ್ಷಕ್ಕೆ 1,000 ತಾಸು ದುಡಿದರೆ ಗಿಟ್ಟುತ್ತದೆ ಎಂಬುದು ಸಾಲ ಕೊಡುವವರ ಹಳೆಯ ಅಳತೆ. ಒಂಬತ್ತು ಹಲ್ಲಿನ ಕಲ್ಟಿವೇಟರಿಗೆ ಒಂದೆಕರೆ ಹೆಚ್ಚುಕಡಿಮೆ ಒಂದು ತಾಸಿನ ಕೆಲಸ. ಐದೆಕರೆಯನ್ನು ನಾಲ್ಕೈದು ಸಲ ಹರಗಿ, ಬಿತ್ತಿ, ಗೊಬ್ಬರ ಹೇರಿ, ಮೆಕ್ಕೆಜೋಳ ಒಕ್ಕಿ, ಕೊಟ್ಟೂರಿನ ಎಪಿಎಂಸಿಗೆ ಚೀಲ ಮುಟ್ಟಿಸಿ ಬಂದರೂ ಐವತ್ತು ಅರವತ್ತು ತಾಸು ದಾಟುವುದು ಕಷ್ಟ. ಉಳಿದ ಒಂಬೈನೂರು ಚಿಲ್ಲರೆ ತಾಸು ಗಾಡಿ ಮನೆ ಮುಂದೆ ನಿಂತಿರುತ್ತದೆ. ಹಾಗಂತ ಸುಮ್ಮನೆ ನಿಂತಿದೆ ಎಂದು ಯಾರೂ ತಿಳಿಯಬಾರದು. ಮಗನಿಗೆ ಸಂಬಂಧ ಕುದುರಿಸಲು ಬಂದ ಬೀಗರು ಕಟ್ಟೆಯ ಮೇಲೆ ಕೂತು ನೀರು ಕುಡಿಯುವ ಮೊದಲೇ ಅದನ್ನು ನೋಡಿರುತ್ತಾರೆ. ಈ ಆದಾಯ ಯಾವ ಬ್ಯಾಂಕಿನ ಲೆಕ್ಕದಲ್ಲೂ ಇಲ್ಲ.

ಸರ್ಕಾರಕ್ಕೂ ಈ ಸಂಕಟ ತಿಳಿಯದ್ದಲ್ಲ. 2014-15ರಲ್ಲಿ ಕೃಷಿ ಯಂತ್ರಧಾರೆ ಎಂಬ ಯೋಜನೆ ಬಂದು, ಟ್ರ್ಯಾಕ್ಟರಿನಿಂದ ಹಿಡಿದು ರೋಟಾವೇಟರ್‌ವರೆಗೆ ಕಡಿಮೆ ಬಾಡಿಗೆಗೆ ಕೊಡುವ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ತೆರೆದವು. ಯೋಜನೆ ಒಳ್ಳೆಯದೇ. ಆದರೆ ಹೋಬಳಿಯ ಎಲ್ಲ ಹೊಲಕ್ಕೂ ಹದ ಒಟ್ಟಿಗೇ ಬರುತ್ತದೆ. ಮಳೆರಾಯನಿಗೆ ಪಾಳಿ ಹಚ್ಚಿ ಬರಲು ಹೇಳುವ ಯೋಜನೆ ಇನ್ನೂ ಬಂದಿಲ್ಲ.

ಹೊಸ ಗಾಡಿ ಎಂದರೆ ಆರು ಲಕ್ಷ, ಏಳು ಲಕ್ಷ, ಮೇಲೆ ಇನ್ನೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಆರು ಲಕ್ಷ ಬೆಲೆಯ ಗಾಡಿಯಾದರೆ ಉಳಿತಾಯ 42 ಸಾವಿರ. ಈ ಸುದ್ದಿ ಪೇಪರಿನಲ್ಲಿ ಓದಿದ ಯಜಮಾನ ಹಳೆಯ ಗಾಡಿಯ ದಲ್ಲಾಳಿಯ ಮುಂದೆ ಪೇಪರನ್ನೇ ಹಾಸಿ ಕೂರುತ್ತಾನೆ: "ಹೊಸಾದು ಇಳದೈತಿ, ಹಳೇದು ಇಳೀಬೇಕಲ್ಲ?" ದಲ್ಲಾಳಿಯ ಉತ್ತರವೂ ಸಿದ್ಧ: "ಹಳೇದಕ್ಕ ಜಿಎಸ್‌ಟಿ ಯಾವಾಗ ಇತ್ತು, ಇಳ್ಯಾಕ?"

ಇನ್ನು ಯಾವ ಗಾಡಿ ಎಂಬ ಪ್ರಶ್ನೆ. ಕೃಷಿ ಪದವೀಧರನನ್ನು ಕೇಳಿದರೆ ಮಣ್ಣು ನೋಡಿ ಎನ್ನುತ್ತಾನೆ. ಸರಿಯಾದ ಮಾತು. ತುಂಗಭದ್ರೆಯ ದಂಡೆಗೆ ಹತ್ತಿದ ಹಡಗಲಿಯ ಎರೆ ಹೊಲಕ್ಕೆ ಪಲ್ಟಿ ನೇಗಿಲು ಇಳಿಸಿದರೆ 45 ಎಚ್‌ಪಿ ಗಾಡಿಯೂ ಏದುಸಿರು ಬಿಡುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಹಗುರ ಮಸಾರಿಗೆ 30-35 ಎಚ್‌ಪಿ ಧಾರಾಳ ಸಾಕು. ಹಡಗಲಿ ಮಲ್ಲಿಗೆಯ ಸಾಲಿನ ನಡುವೆಯೋ ಈರುಳ್ಳಿ ಹೊಲದ ಸಣ್ಣ ಪಟ್ಟಿಯಲ್ಲೋ ಓಡಾಡಲು ಬೆಂಗಳೂರಿನ ವಿಎಸ್‌ಟಿ ಕಂಪನಿಯ ಶಕ್ತಿ ಥರದ ಹತ್ತೊಂಬತ್ತು ಎಚ್‌ಪಿಗೆ ಒಂದಿಷ್ಟು ಆಚೀಚಿನ ಮಿನಿ ಗಾಡಿಯೇ ಜಾಣತನ. ಆದರೆ ಮಿನಿ ಟ್ರ್ಯಾಕ್ಟರ್ ತಂದವನನ್ನು ಓಣಿಯ ಹುಡುಗರು "ಇದು ದೊಡ್ಡದಾಗಾಕ ಎಷ್ಟು ವರ್ಸ ಬೇಕಣ್ಣ?" ಎಂದು ಕೇಳದೆ ಬಿಡುವುದಿಲ್ಲ. ಹೀಗಾಗಿ ಮೂವತ್ತು ಸಾಕಾಗುವ ಹೊಲಕ್ಕೆ ಐವತ್ತು ಬರುತ್ತದೆ, ಡೀಸೆಲ್ಲಿನ ಚೀಟಿ ಮಾತ್ರ ಜೇಬಿನೊಳಗೇ ಮಡಚಿಕೊಂಡಿರುತ್ತದೆ.

ಹಳೆಯ ಗಾಡಿಗಳ ಪೈಕಿ ಎಚ್‌ಎಂಟಿಗೆ ಬೇರೆಯೇ ಗೌರವ. ಎಚ್‌ಎಂಟಿ ಕೈಗಡಿಯಾರ ಬೆಂಗಳೂರಿನದು, ಟ್ರ್ಯಾಕ್ಟರ್ ಹರಿಯಾಣದ ಪಿಂಜೋರಿನದು. ಚೆಕೊಸ್ಲೊವಾಕಿಯದ ಜೆಟಾರ್ ನೆರವಿನಲ್ಲಿ 1971ರಲ್ಲಿ ಅಲ್ಲಿ ಶುರುವಾದ 25 ಎಚ್‌ಪಿಯ ಎರಡು ಸಿಲಿಂಡರಿನ 2511 ಈಗಲೂ ಅಲ್ಲಲ್ಲಿ ಬೇವಿನ ಮರದ ಕೆಳಗೆ ಸಿಗುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚುವ ತೀರ್ಮಾನ ಮಾಡಿತು. ಕಂಪನಿ ಹೋದರೂ ಗಾಡಿ ಉಳಿದಿದೆ. ವಾಚಿನ ವಿಷಯದಲ್ಲೂ ಹಾಗೇ ಆಯಿತೆಂದು ಹಿರಿಯರು ಮಣಿಕಟ್ಟು ತೋರಿಸುತ್ತಾರೆ. ಬೆಲೆಯೂ ಕೈಗೆ ಎಟುಕುವಂಥದು. ಆದರೆ ಗೇರ್ ಬಾಕ್ಸಿನ ಒಂದು ಹಲ್ಲು ಮುರಿದರೆ ಬಿಡಿಭಾಗ ಹುಡುಕಿ ಎಷ್ಟು ಊರು ಅಲೆಯಬೇಕು ಎಂಬುದು ಬೆಲೆಯಲ್ಲಿ ಸೇರಿರುವುದಿಲ್ಲ.

ಐಷರ್ 241, 242 ಇನ್ನೊಂದು ತಮಾಷೆ. ಒಂದೇ ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ಇಂಜಿನ್, ರೇಡಿಯೇಟರೇ ಇಲ್ಲ. ಭಾರತದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರ್ ಎಂದು ಹೇಳುವುದೂ 1959ರಲ್ಲಿ ಫರೀದಾಬಾದಿನಿಂದ ಹೊರಬಂದ ಐಷರನ್ನೇ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಕೂಡ್ಲಿಗಿ ಹಳ್ಳಿಗಳಿಗೆ ನೀರು ಕೇಳದ ಇಂಜಿನ್ ಕಳಿಸಿದವನು ಯಾರೇ ಆಗಲಿ, ಊರಿಗೊಮ್ಮೆ ಬಂದು ನೋಡಿಯೇ ಕಳಿಸಿರಬೇಕು ಎಂದು ಈ ಬರಹಗಾರನ ಗುಮಾನಿ. ಸದ್ದು ಮಾತ್ರ ಇಡೀ ಊರಿಗೆ ಕೇಳುತ್ತದೆ; ಯಜಮಾನ ಹೊಲಕ್ಕೆ ಹೋದನೋ ದಾಬಾಕ್ಕೆ ಹೋದನೋ ಎಂದು ಮನೆಯಾಕೆಗೆ ದಿಕ್ಕು ಹಿಡಿದು ಹೇಳಬರುತ್ತದೆ.

ಮ್ಯಾಸಿ 1035, ಮಹೀಂದ್ರ 275, ಸ್ವರಾಜ್ 735 ಇವು ಮೂರೂ ನಡುವಿನ ಹಾದಿ. ಜಾಸ್ತಿ ಹೇಳುವಂಥದೇನಿಲ್ಲ: ಎಲ್ಲ ಕಡೆ ಇವೆ, ಎಲ್ಲರಿಗೂ ಗೊತ್ತಿವೆ, ಸಾಮಾನು ತಾಲ್ಲೂಕಿನಲ್ಲೇ ಸಿಗುತ್ತದೆ. ಹೆಸರಿನ ಜಗಳಕ್ಕೆ ಮಾತ್ರ ಕೊನೆಯಿಲ್ಲ. ಒಂದೇ ಕಟ್ಟೆಯ ಮೇಲೆ ಇಬ್ಬರು ಪಕ್ಷ ಬಿಟ್ಟು ಪಕ್ಷ ಹಾರಿಯಾರು, ಸ್ವರಾಜ್ ಬಿಟ್ಟು ಮಹೀಂದ್ರಕ್ಕೆ ಹಾರಲಾರರು. 2007ರಲ್ಲೇ ಮಹೀಂದ್ರದವರು ಸ್ವರಾಜ್ ಕಂಪನಿಯನ್ನು ಕೊಂಡರು, ಈಗ ಎರಡೂ ಒಂದೇ ಮನೆಯವು ಎಂದು ಹೇಳಿ ನೋಡಿ. ಜಗಳ ನಿಲ್ಲುವುದಿಲ್ಲ, ಹೇಳಿದವನ ಮೇಲೆ ತಿರುಗುತ್ತದೆ.

ಗಾಡಿ ನೋಡಲು ಯಜಮಾನ ಒಬ್ಬನೇ ಹೋಗುವುದಿಲ್ಲ. ಐದಾರು ಜನ ಹೊರಡುತ್ತಾರೆ. ಅದರಲ್ಲಿ ಒಬ್ಬ ಹಿರಿಯ ಖಾಯಂ, ಎತ್ತಿನ ಕಾಲದವನು. ಜಾತ್ರೆಯ ದನದ ಪೇಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡಿ, ಹಣೆ ಬೆನ್ನಿನ ಸುಳಿ ಎಣಿಸಿ, ಟವೆಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆ ಮುಟ್ಟಿಸಿದ ಕೈ ಅದು. ಟ್ರ್ಯಾಕ್ಟರಿಗೆ ಹಲ್ಲಿಲ್ಲವೆಂದು ಆತ ಬೇಸರಪಡುವುದಿಲ್ಲ. ಹಿಂದಿನ ಟೈರಿನ ಗುಬ್ಬ ಸವರುತ್ತಾನೆ, ಅದೇ ಹಲ್ಲು. ನಂಬರ್ ಪ್ಲೇಟಿನ ಅಂಕಿ ಕೂಡಿಸುತ್ತಾನೆ, ಅದೇ ಸುಳಿ; ಮೊತ್ತ ಎಂಟು ಬಂದರೆ ಶನಿ ಎಂದು ಮುಖ ತಿರುವುತ್ತಾನೆ. ಗಾಡಿ ಹಿಡಿಸದ ದಿನ ಎಷ್ಟು ಬಂದರೂ ಎಂಟೇ ಬರುವಂತೆ ಕೂಡಿಸುವ ವಿದ್ಯೆಯೂ ಆತನಿಗಿದೆ.

ನಗಬೇಡಿ, ಈ ಹಿರಿಯನ ಕಣ್ಣೇ ಅರ್ಧ ಪಾಲು ಸರಿ. ಎತ್ತನ್ನು ಕೊಳ್ಳುವವನು ಮುಂಜಾನೆ ಅದು ಎದ್ದು ನಿಲ್ಲುವುದನ್ನು ನೋಡಬೇಕು; ಗಾಡಿಯನ್ನು ಕೊಳ್ಳುವವನು ಅದು ತಣ್ಣಗಿರುವಾಗ ಚಾಲೂ ಆಗುವುದನ್ನು ನೋಡಬೇಕು. ಹೋದ ಕೂಡಲೇ ಆತ ಮಾತಾಡದೆ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ, ಇವರು ಬರುವ ಮೊದಲೇ ಯಾರೋ ತಳ್ಳಿಯೋ ಎಳೆದೋ ಎಬ್ಬಿಸಿ ಕೂರಿಸಿದ್ದಾರೆ ಎಂದರ್ಥ. ಆಮೇಲೆ ಆಯಿಲ್ ಕಡ್ಡಿ. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆತ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ಟಿನ ಕಡೆಯಿಂದ ದೊಡ್ಡ ಖರ್ಚು ಬರುತ್ತಿದೆ. ಗಾಡಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಬುಸುಬುಸು ಹೊಗೆ ಬಂತೋ, ಪಿಸ್ಟನ್ ರಿಂಗು ಸವೆದು ಇಂಜಿನ್ ಬೋರಿಗೆ ಬಂದಿದೆ. ಸೈಲೆನ್ಸರಿನ ಕರಿ ಹೊಗೆಯನ್ನು ಪಂಪು, ನಾಝಲ್ ತಿದ್ದಿ ಸರಿಮಾಡಬಹುದು. ನೀಲಿ ಹೊಗೆ ಬಿಡುವ ಗಾಡಿ ಡೀಸೆಲ್ಲಿನ ಜೊತೆ ಆಯಿಲನ್ನೂ ಕುಡಿಯುತ್ತಿದೆ.

ಆಮೇಲೆ ಹೈಡ್ರಾಲಿಕ್. ಹಿಂದೆ ಭಾರದ ಸಾಮಾನು ಎತ್ತಿ ಇಂಜಿನ್ ಬಂದ್ ಮಾಡಿ, ಒಂದು ಚಹಾ ಕುಡಿದು ಬಂದು ನೋಡಬೇಕು. ಅಷ್ಟರಲ್ಲಿ ಕಲ್ಟಿವೇಟರ್ ತಾನಾಗಿ ನೆಲಕ್ಕೆ ಕೂತಿದ್ದರೆ ಒಳಗಿನ ಸೀಲು ಹೋಗಿದೆ. ಮಾರುವವನು ಚಹಾ ತರಿಸಲು ತಡ ಮಾಡಿದಷ್ಟೂ ಕೊಳ್ಳುವವನಿಗೆ ಲಾಭ. ಕ್ಲಚ್ ಹೌಸಿಂಗ್ ಬಳಿ ಹೊಸ ಪೇಂಟ್ ಕಂಡರೆ ಉಗುರಿನಿಂದ ಕೆರೆಯಬೇಕು. ಪೇಂಟಿನ ಕೆಳಗೆ ವೆಲ್ಡಿಂಗ್ ಗೆರೆ ಸಿಕ್ಕರೆ ಗಾಡಿ ಒಮ್ಮೆ ಎರಡು ಹೋಳಾಗಿದೆ. ಎಲ್ಲಕ್ಕಿಂತ ಮೋಸಗಾರ ತಾಸಿನ ಮೀಟರು. ಹಳೆಯ ಗಾಡಿಗಳಲ್ಲಿ ಅದು ಗಡಿಯಾರವಲ್ಲ, ಇಂಜಿನ್ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರ. ನಿಧಾನಕ್ಕೆ ತಿರುಗಿದರೆ ಅದರ ಒಂದು ತಾಸು ನಮ್ಮ ಎರಡು ತಾಸಿಗೂ ಹತ್ತಿರ. ಕೇಬಲ್ ಕಿತ್ತರೆ ಕಾಲವೇ ನಿಂತಿತು. ಮೀಟರಿನಲ್ಲಿ ಎರಡು ಸಾವಿರ ತಾಸು ತೋರಿಸುವ ಗಾಡಿಯ ಕ್ಲಚ್ ಪೆಡಲಿನ ಕಬ್ಬಿಣ ಕನ್ನಡಿಯಾಗಿದ್ದರೆ ಪೆಡಲನ್ನೇ ನಂಬುವುದು ವಾಸಿ.

ಇಷ್ಟಾದ ಮೇಲೆ ಮಾರುವವನ ಮಾತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾನೆ. ನಾಲ್ಕು ಮಾತು, ಮಳೆಬೆಳೆಗೂ ರಾಜಕೀಯಕ್ಕೂ ಯಾರಿಗೆ ಬೇಕಾದಂತೆ ಅರ್ಥ. ಹಳೆಯ ಟ್ರ್ಯಾಕ್ಟರ್ ಮಾರುವವನ ನುಡಿಯೂ ಅದೇ ಜಾತಿಯದು. "ಸೀಲ್ ಇಂಜಿನ್ನು" ಎಂದರೆ ಇಂಜಿನ್ ಬಿಚ್ಚಿಲ್ಲ ಎಂದೂ ಆಯಿತು, ಬಿಚ್ಚುವ ಹೊತ್ತು ಈಗ ಬಂದಿದೆ ಎಂದೂ ಆಯಿತು. "ಸಿಂಗಲ್ ಹ್ಯಾಂಡು" ಎಂದರೆ ಒಬ್ಬನೇ ಓಡಿಸಿದ್ದು; ಆ ಒಬ್ಬ ಹೇಗೆ ಓಡಿಸಿದ ಎಂಬುದು ಬೇರೆ ಮಾತು. "ಮೇಷ್ಟ್ರ ಗಾಡಿ, ಬರೇ ಹೊಲಕ್ಕ ಅಷ್ಟಾ, ಒಂದು ಟ್ರಿಪ್ ಉಸುಕು ಹೊಡದಿಲ್ಲ" ಎಂಬುದು ಎಲ್ಲ ಕಡೆ ಕೇಳುವ ನುಡಿ. ಈ ಸೀಮೆಯಲ್ಲಿ ಮಾರಾಟಕ್ಕಿರುವಷ್ಟು ಮೇಷ್ಟ್ರ ಗಾಡಿಗಳಿಗೆ ಸಾಕಾಗುವಷ್ಟು ಮೇಷ್ಟ್ರುಗಳನ್ನು ಶಿಕ್ಷಣ ಇಲಾಖೆ ಯಾವ ಕಾಲದಲ್ಲೂ ನೇಮಿಸಿದಂತಿಲ್ಲ. ನದಿ ಉಸುಕು ಹೊಡೆದ ಗಾಡಿ ಬಾಯಿ ಬಿಡದಿದ್ದರೂ ಅದರ ಹಿಂದಿನ ಹುಕ್ಕು ಬಿಡುತ್ತದೆ: ಟ್ರೇಲರ್ ಪಿನ್ನು ಕೂರುವ ತೂತು ದುಂಡಗಿರಬೇಕಾದದ್ದು ಎಳೆತಕ್ಕೆ ಉದ್ದವಾಗಿರುತ್ತದೆ.

ಕಾಗದದ ವಿಷಯಕ್ಕೆ ಬಂದರೆ ಭೂಗೋಳ ತಿಳಿದಿರಬೇಕು. ಈ ಸೀಮೆಯ ಸುತ್ತ ಹಾವೇರಿ, ಗದಗ, ಕೊಪ್ಪಳ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿವೆ. ಒಂದು ಸಾಲಿನಲ್ಲಿ ನಿಂತ ಹಳೆಯ ಗಾಡಿಗಳ ಪ್ಲೇಟು ಓದಿದರೆ ಕೆಎ-27, 26, 37, 17, 16 ಎಲ್ಲವೂ ಸಿಗುತ್ತವೆ. ಹರಪನಹಳ್ಳಿಯ ಗಾಡಿಯಂತೂ ಮನೆ ಬಿಟ್ಟು ಕದಲದೆ ಜಿಲ್ಲೆ ಸುತ್ತಿದೆ. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರ ಹೊತ್ತಿಗೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೀಗಾಗಿ ದಾವಣಗೆರೆಯ ಕೆಎ-17 ಹೊತ್ತ ಗಾಡಿಯನ್ನು ಹೊಸಪೇಟೆಯ ಕೆಎ-35ರ ಊರಿನವನು ಕೊಳ್ಳುವಾಗ "ಬ್ಯಾರೆ ಜಿಲ್ಲೆದ್ದು" ಎಂದು ಬೆಲೆ ಇಳಿಸಲು ನೋಡುತ್ತಾನೆ. ಗಾಡಿ ಅಲ್ಲೇ ಇತ್ತು, ಜಿಲ್ಲೆಯೇ ಓಡಾಡಿತು ಎಂದು ಮಾರುವವನು ವಾದಿಸುತ್ತಾನೆ. ಇಂಥ ವಾದದಲ್ಲಿ ಇಬ್ಬರೂ ಸರಿ.

ಮೋಟಾರು ವಾಹನ ಕಾಯ್ದೆ 1988ರ 50ನೇ ಕಲಮಿನಂತೆ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಳ್ಳಿಯಲ್ಲಿ ನಡೆಯುವುದು ಸಂಚಕಾರ, ನಾಲ್ಕು ಜನರ ಮುಂದೆ ಮಾತು, ಒಂದು ಬಾಂಡ್ ಪೇಪರು. ಆರ್‌ಸಿ ಮೂರು ಕೈ ಹಿಂದಿನ ಮಾಲೀಕನ ಹೆಸರಲ್ಲೇ ಇರುತ್ತದೆ, ಅದರ ಮೇಲೆ ಯಾವುದೋ ಫೈನಾನ್ಸಿನ ಸಾಲದ ನಮೂದೂ ಕೂತಿರುತ್ತದೆ. ಸಾಲ ತೀರಿದ್ದಕ್ಕೆ ಫಾರಂ 35, ಹೆಸರು ಬದಲಿಗೆ ಫಾರಂ 29, 30 ಸಹಿಯಾಗದೆ ದುಡ್ಡು ಎಣಿಸಿದವನ ಮನೆ ಮುಂದಿನಿಂದ ಒಂದು ಬೆಳಿಗ್ಗೆ ಗಾಡಿ ಎದ್ದು ಹೋಗಬಹುದು. "ಮಾತು ಅಂದ್ರ ಮಾತು" ಎನ್ನುವವರಿಗೆ ಒಂದು ಕಥೆ ಹೇಳಬೇಕು. ಇವತ್ತು ಎಲ್ಲ ಟ್ರ್ಯಾಕ್ಟರಿನ ಹಿಂದಿರುವ ಮೂರು ತೋಳಿನ ಹೈಡ್ರಾಲಿಕ್ ಜೋಡಣೆಗೆ ಕಾರಣನಾದ ಐರ್ಲೆಂಡಿನ ಹ್ಯಾರಿ ಫರ್ಗುಸನ್ 1938ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ವ್ಯವಹಾರ ಮಾಡಿಕೊಂಡ. ಒಂದು ಚೀಟಿಯೂ ಇಲ್ಲ. ಫೋರ್ಡನ ಮೊಮ್ಮಗ ಯಜಮಾನಿಕೆಗೆ ಬಂದವನು 1947ರಲ್ಲಿ ವ್ಯವಹಾರ ಮುರಿದ. ಫರ್ಗುಸನ್ 25 ಕೋಟಿ ಡಾಲರಿಗೂ ಮಿಕ್ಕಿ ದಾವೆ ಹಾಕಿ, ವರ್ಷಗಟ್ಟಲೆ ಕೋರ್ಟಿಗೆ ಅಲೆದು, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾದ. ಮರುವರ್ಷ ಮ್ಯಾಸಿ ಕಂಪನಿಯ ಜೊತೆ ಸೇರಿದ. ಮ್ಯಾಸಿ ಗಾಡಿಯ ಹಣೆಯ ಮೇಲಿನ ಫರ್ಗುಸನ್ ಆತನೇ. ಅಂಥವನಿಗೇ ಬಾಯಿಮಾತು ದಕ್ಕಲಿಲ್ಲ.

ಇಷ್ಟೆಲ್ಲ ಪರೀಕ್ಷೆ ಹೇಳಿದ್ದಾಯಿತು. ಆದರೆ ಈ ಸೀಮೆಯಲ್ಲಿ ಹಳೆಯ ಗಾಡಿ ಕೊಂಡು ನೆಟ್ಟಗೆ ಉಳಿದವರನ್ನು ನೋಡಿದರೆ, ಅವರು ಆರಿಸಿದ್ದು ಗಾಡಿಯನ್ನಲ್ಲ, ಮೆಕ್ಯಾನಿಕನನ್ನು. ಊರಿನ ಹತ್ತಿರ ಯಾರಿದ್ದಾನೆ, ಅವನ ಕೈ ಯಾವ ಕಂಪನಿಯ ಮೇಲೆ ಪಳಗಿದೆ, ಬಿತ್ತನೆಯ ದಿನ ಕರೆದರೆ ಚೀಲ ಹೆಗಲಿಗೇರಿಸಿ ಬೈಕಿನಲ್ಲಿ ಹೊಲಕ್ಕೇ ಬರುತ್ತಾನೆಯೇ ಎಂಬುದನ್ನು ಮೊದಲು ಕೇಳಿ, ಆಮೇಲೆ ಅವನು ತೋರಿಸಿದ ಬಣ್ಣದ ಗಾಡಿ ತಂದವರು ಅವರು. ಹಗರಿಬೊಮ್ಮನಹಳ್ಳಿ ಸಂತೆಯ ದಿನ ವರ್ಕ್‌ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಯಾವ ಗಾಡಿ ಎಷ್ಟು ಸಲ ಬರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ವರದಿ ಅದು.

ಇದು ಹಳ್ಳಿಗಾಡಿನ ಹಳೇ ಬುದ್ಧಿ ಎಂದು ಮೂಗು ಮುರಿಯುವವರು ಅಮೆರಿಕದ ಕಡೆ ನೋಡಬಹುದು. 1970ರ ದಶಕದ ಕೊನೆ, 80ರ ಮೊದಲಿನ ಟ್ರ್ಯಾಕ್ಟರುಗಳಿಗೆ ಅಲ್ಲಿನ ಹರಾಜುಗಳಲ್ಲಿ ಒಳ್ಳೆಯ ಬೇಡಿಕೆ, ಏಕೆಂದರೆ ಅವುಗಳೊಳಗೆ ಕಂಪ್ಯೂಟರ್ ಇಲ್ಲ, ರೈತ ತಾನೇ ಬಿಚ್ಚಬಹುದು. ಹೊಸ ಗಾಡಿಯ ರಿಪೇರಿಯನ್ನು ಡೀಲರಿಗೇ ಕಟ್ಟಿಹಾಕಿದ್ದಾರೆಂಬ ಆರೋಪದ ಮೇಲೆ 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜಾನ್ ಡೀರ್ ಕಂಪನಿಯ ವಿರುದ್ಧ ದಾವೆ ಹೂಡಿತು. ನಮ್ಮಲ್ಲಿ 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಗಾಡಿಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಇಂಜಿನ್ನಿನೊಳಗೆ ಸೆನ್ಸರುಗಳು ಹೊಕ್ಕಿವೆ. ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಅವುಗಳ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಹಳೆಯ 35 ಎಚ್‌ಪಿಯ ಗಾಡಿ ಇನ್ನೂ ಸುತ್ತಿಗೆಯ ಮಾತು ಕೇಳುತ್ತದೆ.

ಅಂತೂ ಗಾಡಿ ಮನೆಗೆ ಬರುತ್ತದೆ. ಟೈರಿನ ಕೆಳಗೆ ನಿಂಬೆಹಣ್ಣು ಒಡೆಯುತ್ತದೆ, ಬಾನೆಟ್ಟಿಗೆ ಬಂಡಾರ ಬೀಳುತ್ತದೆ, ಹಿಂದಿನ ಮಾಲೀಕನ ಮಕ್ಕಳ ಹೆಸರು ಅಳಿಸಿ "ಶ್ರೀ ಕೊಟ್ಟೂರೇಶ್ವರ ಪ್ರಸನ್ನ" ಎಂದು ಬರೆಸಲಾಗುತ್ತದೆ. ಆರ್‌ಸಿ ಪ್ರಕಾರ ಕೂರಬೇಕಾದವನು ಚಾಲಕ ಒಬ್ಬನೇ. ಎರಡೂ ಮಡ್‌ಗಾರ್ಡಿನ ಮೇಲೆ ಈಗಾಗಲೇ ನಾಲ್ಕು ಜನ ಹತ್ತಿದ್ದಾರೆ, ವಿಮೆ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಯಜಮಾನನ ತಾಯಿ ಮಾತ್ರ ಆರತಿ ತಟ್ಟೆ ಹಿಡಿದು ಸುತ್ತ ಒಂದು ಸಲ ಬಂದು, ಗಾಡಿಯ ಹಿಂದೆ ನಿಂತು ಕೇಳುತ್ತಾಳೆ:

"ಎಲ್ಲಾ ಸರಿ, ಇದರ ಹಿಂದ ಕಟ್ಟೋದೆಲ್ಲಿ?"

ಕಲ್ಟಿವೇಟರ್, ಕೂರಿಗೆ, ಟ್ರೇಲರ್ ಎಲ್ಲವೂ ಬೇರೆ ಖರೀದಿ ಎಂಬುದು ಆಗ ಎಲ್ಲರಿಗೂ ನೆನಪಾಗುತ್ತದೆ. ಟ್ರೇಲರಿಗಂತೂ ನಂಬರೂ ಬೇರೆ, ಆರ್‌ಸಿಯೂ ಬೇರೆ. ಯಜಮಾನ ತಾಯಿಯ ಮುಖ ನೋಡದೆ ಟೈರಿನ ಗಾಳಿ ನೋಡುತ್ತಾನೆ. ಐದಾರು ಜನರ ಪೈಕಿ ಒಬ್ಬ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಹರಪನಹಳ್ಳಿ ಕಡಿ ಒಂದು ಟ್ರೇಲರ್ ಐತಂತಬೇ. ಮೇಷ್ಟ್ರದು. ಸಿಂಗಲ್ ಹ್ಯಾಂಡು."